ಬೇಡವೆನ್ನಲು ಬಿಡುವ ಭಕ್ತಿ

ಬಳ್ಳಾರಿಯಲ್ಲಿ ಹೊಸದಾಗಿ ಪರಿಚಯವಾದವರಿಗೆ ನಾನು ಕ್ರೈಸ್ತನೆಂದು ತಿಳಿದಾಗ ಸಾಮಾನ್ಯವಾಗಿ ಎರಡರಲ್ಲಿ ಒಂದು ನಡೆಯುತ್ತದೆ. ಕೆಲವರು ಕ್ರಿಸ್‌ಮಸ್ ಕೇಕಿನ ಮಾತು ತೆಗೆಯುತ್ತಾರೆ. ಇನ್ನು ಕೆಲವರು, ನಾನು ಈಗಲೋ ಆಗಲೋ ಚೀಲದೊಳಗೆ ಕೈ ಹಾಕಿ ಕರಪತ್ರವೊಂದನ್ನು ಹೊರತೆಗೆಯಬಹುದೆಂಬ ಅನುಮಾನದಿಂದ ಮಾತನ್ನು ಅಲ್ಲಿಗೇ ಮೊಟಕುಗೊಳಿಸುತ್ತಾರೆ. ಈ ಎರಡನೆಯ ಗುಂಪಿನವರೇ ವರ್ಷಗಟ್ಟಲೆ ಒಡನಾಡಿದ ಬಳಿಕ “ನೀವು ಹಂಗಿಲ್ಲ ಬಿಡ್ರಿ” ಎನ್ನುವುದುಂಟು. ಅವರು ಅದನ್ನು ಹೊಗಳಿಕೆಯಾಗಿಯೇ ಹೇಳುತ್ತಾರೆ, ನಾನೂ ಹಾಗೆಯೇ ಸ್ವೀಕರಿಸುತ್ತೇನೆ. ಆದರೆ ಮನೆಗೆ ಬಂದ ಮೇಲೆ ಆ ಮಾತು ಸ್ವಲ್ಪ ಚುಚ್ಚುತ್ತದೆ. “ಹಂಗೆ” ಎಂದರೆ ಹೇಗೆ? ನಾನು ಒಳ್ಳೆಯ ನೆರೆಯವನಾಗಿರುವುದು ನನ್ನ ಧರ್ಮದ ಕಾರಣದಿಂದಲೋ, ಅದನ್ನು ಅರ್ಧಂಬರ್ಧ ಆಚರಿಸುತ್ತಿರುವುದರಿಂದಲೋ? ಅನೇಕರ ಮನಸ್ಸಿನಲ್ಲಿ ನಿಷ್ಠಾವಂತ ಕ್ರೈಸ್ತನೆಂದರೆ ಬಾಗಿಲು ತಟ್ಟುವವನು, ಸಹಿಷ್ಣುವಾದ ಕ್ರೈಸ್ತನೆಂದರೆ ಭಕ್ತಿ ಸಡಿಲಾದವನು. ಈ ಲೆಕ್ಕ ಎಲ್ಲಿ ತಪ್ಪಿದೆ ಎಂಬುದನ್ನು ವಿವರಿಸಬೇಕಾದರೆ ಮೊದಲು ಸಹಿಷ್ಣುತೆ ಎಂಬ ಪದದಿಂದಲೇ ಆರಂಭಿಸಬೇಕಾಗುತ್ತದೆ.

ಸಹಿಸುವುದೆಂದರೆ ತಾಳಿಕೊಳ್ಳುವುದು. ನಾವು ಒಪ್ಪಿದ ಸಂಗತಿಯನ್ನು ಯಾರೂ ತಾಳಿಕೊಳ್ಳಬೇಕಾಗಿಲ್ಲ. ಒಪ್ಪದಿದ್ದುದನ್ನು ಮಾತ್ರ ತಾಳಿಕೊಳ್ಳಬೇಕಾಗುತ್ತದೆ. ಎಲ್ಲ ಧರ್ಮಗಳೂ ಒಂದೇ ಎಂದು ನಂಬಿದವನಿಗೆ ಪರಧರ್ಮವನ್ನು ಸಹಿಸುವ ಪರೀಕ್ಷೆಯೇ ಎದುರಾಗುವುದಿಲ್ಲ. ಆ ಪರೀಕ್ಷೆ ಎದುರಾಗುವುದು ತನ್ನದೇ ಸತ್ಯವೆಂದು ದೃಢವಾಗಿ ನಂಬಿಯೂ ಪಕ್ಕದವನ ನಂಬಿಕೆಗೆ ಕೈಹಾಕದೆ ಬದುಕಬೇಕಾದವನಿಗೆ. ಕನ್ನಡಕ್ಕೆ ಇದು ಹೊಸ ವಿಚಾರವೇನೂ ಅಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಪರವಿಚಾರವನ್ನೂ ಪರಧರ್ಮವನ್ನೂ ಚೆನ್ನಾಗಿ ಸೈರಿಸಬಲ್ಲ ಗುಣವನ್ನೇ ನಿಜವಾದ ಚಿನ್ನವೆಂದು ಕರೆಯಿತು. ಅಲ್ಲಿರುವ ಕ್ರಿಯಾಪದ “ಸೈರಿಸು”. ಒಪ್ಪು ಎಂದಾಗಲಿ, ಬೆರೆಸು ಎಂದಾಗಲಿ ಅಲ್ಲ. ಅದೇ ಗ್ರಂಥವು ತಿರುಳ್ಗನ್ನಡದ, ಅಂದರೆ ಅಚ್ಚ ಕನ್ನಡದ, ನಾಡನ್ನು ಗುರುತಿಸುವಾಗ ಹೆಸರಿಸುವ ಮಹಾಕೊಪಣನಗರವೇ ಇಂದಿನ ನಮ್ಮ ಕೊಪ್ಪಳ ಎಂಬುದನ್ನು ಈ ಸೀಮೆಯವನಾಗಿ ಸ್ವಲ್ಪ ಹೆಮ್ಮೆಯಿಂದಲೇ ನೆನೆಯುತ್ತೇನೆ.

ಇನ್ನು “ಕ್ರೈಸ್ತರು” ಎಂಬ ಪದ. 2011ರ ಜನಗಣತಿಯಂತೆ ಕರ್ನಾಟಕದ ಸುಮಾರು 6.11 ಕೋಟಿ ಜನರಲ್ಲಿ ಕ್ರೈಸ್ತರು 11.4 ಲಕ್ಷ, ಅಂದರೆ ನೂರಕ್ಕೆ ಎರಡಕ್ಕಿಂತಲೂ ಕಡಿಮೆ. ಇಷ್ಟು ಸಣ್ಣ ಸಮುದಾಯವನ್ನು ಹೊರಗಿನವರು ಒಂದೇ ಗುಂಪೆಂದು ಭಾವಿಸುವುದು ಸಹಜ. ಒಳಗಿನಿಂದ ನೋಡಿದರೆ ಚಿತ್ರ ಬೇರೆ. ಬಳ್ಳಾರಿ, ರಾಯಚೂರು, ಕೊಪ್ಪಳ ಸೀಮೆಗೆ 1949ರಲ್ಲಿ ಸ್ಥಾಪನೆಯಾದ ಬಳ್ಳಾರಿ ಕ್ಯಾಥೊಲಿಕ್ ಧರ್ಮಪ್ರಾಂತ್ಯವಿದೆ. ಅದರೊಳಗೆ ಮುದಗಲ್ಲಿನಂತಹ ಊರುಗಳಿದ್ದು, ಅಲ್ಲಿನ ಕ್ಯಾಥೊಲಿಕ್ ಮನೆತನಗಳು ತಮ್ಮ ಮೂಲವನ್ನು ಬಿಜಾಪುರದ ಆದಿಲ್‌ಶಾಹಿಗಳ ಕಾಲಕ್ಕೆ ಒಯ್ಯುತ್ತವೆ. 1947ರ ಸೆಪ್ಟೆಂಬರಿನಲ್ಲಿ ಹಲವು ಪ್ರೊಟೆಸ್ಟೆಂಟ್ ಪಂಗಡಗಳು ಕೂಡಿ ರೂಪಿಸಿದ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್ಐ ಚರ್ಚು, ಇದೆ. ರಾಯಚೂರಿನ ಕಡೆ ಮೆಥಡಿಸ್ಟರಿದ್ದಾರೆ. ಇವುಗಳ ಹೊರಗೆ ಪೆಂತೆಕೋಸ್ತ್ ಮತ್ತು ಸ್ವತಂತ್ರ ಸಭೆಗಳಿವೆ. ಇವುಗಳಲ್ಲಿ ಎಷ್ಟೋ ಸಭೆಗಳಿಗೆ ಮೇಲೆ ಬಿಷಪ್ ಇಲ್ಲ, ಹಿಂದೆ ಆಸ್ತಿಪಾಸ್ತಿ ಇಲ್ಲ. ಪಾಸ್ಟರ್ ಒಬ್ಬರು ಬಾಡಿಗೆ ಮನೆಯ ಪಡಸಾಲೆಯಲ್ಲೋ ತಗಡಿನ ಶೆಡ್ಡಿನಲ್ಲೋ ಹತ್ತು ಕುಟುಂಬಗಳನ್ನು ಕೂಡಿಸಿಕೊಂಡು ಪ್ರಾರ್ಥನೆ ನಡೆಸುತ್ತಾರೆ, ಮತ್ತು ಅವರ ಜೀವನ ನಡೆಯುವುದು ಆ ವಿಶ್ವಾಸಿಗಳು ತಮ್ಮ ಆದಾಯದ ಹತ್ತನೆಯ ಒಂದು ಪಾಲೆಂದು ಕೊಡುವ ದಶಮಾಂಶದಿಂದ.

ಈ ವ್ಯತ್ಯಾಸ ಮುಖ್ಯವಾದದ್ದು. ಕ್ಯಾಥೊಲಿಕ್ ಧರ್ಮಕೇಂದ್ರದಲ್ಲಿ ವಯಸ್ಕನೊಬ್ಬ ಜ್ಞಾನಸ್ನಾನ, ಅಂದರೆ ಕ್ರೈಸ್ತನಾಗುವ ನೀರಿನ ಸಂಸ್ಕಾರ, ಕೇಳಿದರೆ ತಿಂಗಳುಗಟ್ಟಲೆ ಉಪದೇಶ ಕೇಳಬೇಕು. ಅಲ್ಲಿ ಯಾರಿಗೂ ಅವಸರವಿಲ್ಲ, ಕೆಲವೊಮ್ಮೆ ಆಸಕ್ತಿಯೂ ಇರುವುದಿಲ್ಲ. ಸ್ವತಂತ್ರ ಸಭೆಯ ಜೀವ ಇರುವುದೇ ಹೊಸಬರು ಬರುವುದರಲ್ಲಿ. ಆದರೂ ಆ ಉತ್ಸಾಹವನ್ನು ಬರೀ ಹೊಟ್ಟೆಪಾಡು ಎಂದು ತಳ್ಳಿಹಾಕುವುದು ಅನ್ಯಾಯವಾದೀತು. ಯೇಸುವನ್ನು ನಂಬದೆ ಸತ್ತವನ ಆತ್ಮ ನಾಶವಾಗುತ್ತದೆ ಎಂದು ಒಬ್ಬ ಮನಃಪೂರ್ವಕ ನಂಬಿದ್ದಾನೆ ಎಂದಿಟ್ಟುಕೊಳ್ಳಿ. ಅವನ ದೃಷ್ಟಿಯಲ್ಲಿ ಸುಮ್ಮನಿರುವುದು ಸೌಜನ್ಯವಲ್ಲ. ಬಣವೆಗೆ ಬೆಂಕಿ ಬಿದ್ದದ್ದನ್ನು ಕಂಡೂ ಮಲಗಿದವರನ್ನು ಎಬ್ಬಿಸದೆ ಹೋದ ಹಾಗೆ. ಅವನು ನಮ್ಮ ಬಾಗಿಲು ತಟ್ಟುವುದು ಬಹಳ ಸಲ ನಮ್ಮ ಮೇಲಿನ ಕಳಕಳಿಯಿಂದಲೇ. ಕಳಕಳಿಯೂ ಕಿರುಕುಳವಾಗಬಲ್ಲದು ಎಂಬುದಷ್ಟೇ ಅವನಿಗೆ ತಿಳಿಯದ ಸಂಗತಿ.

ಈ ಕಿರುಕುಳದ ಪಾಲು ನಮಗೂ ಸಿಗುತ್ತದೆ ಎಂದರೆ ಹಿಂದೂ, ಮುಸ್ಲಿಂ ಗೆಳೆಯರು ನಂಬುವುದಿಲ್ಲ. ಮೂರು ತಲೆಮಾರಿನಿಂದ ಚರ್ಚಿಗೆ ಹೋಗುವ ಮನೆತನದ ನನ್ನನ್ನೇ ರೈಲಿನಲ್ಲಿ ಎದುರು ಸೀಟಿನವರು “ಬ್ರದರ್, ನಿಮಗೆ ರಕ್ಷಣೆ ಆಗಿದೆಯಾ?”, ಅಂದರೆ ಪಾಪದಿಂದ ಬಿಡುಗಡೆಯಾಗಿದೆಯೇ, ಎಂದು ಕೇಳಿದ್ದಾರೆ. ಚಿಕ್ಕಂದಿನಲ್ಲಿ ತಲೆಯ ಮೇಲೆ ನೀರು ಹಾಕಿಸಿಕೊಂಡದ್ದು ಲೆಕ್ಕಕ್ಕಿಲ್ಲ, ಪೂರ್ತಿ ಮುಳುಗಿ ದೀಕ್ಷಾಸ್ನಾನ (ಜ್ಞಾನಸ್ನಾನಕ್ಕೆ ಅವರ ಹೆಸರು) ಪಡೆಯಬೇಕು ಎಂದು ಗುಂತಕಲ್ಲು ಬರುವವರೆಗೂ ಬೋಧಿಸಿದ್ದಾರೆ.

ಹಾಗಾದರೆ ತನ್ನ ನಂಬಿಕೆಯನ್ನು ಹೇಳಿಕೊಳ್ಳುವುದು ಎಲ್ಲಿ ಮುಗಿಯುತ್ತದೆ, ಒತ್ತಾಯ ಎಲ್ಲಿ ಆರಂಭವಾಗುತ್ತದೆ? ಈ ಪ್ರಶ್ನೆಗೆ ನಾನು ಕಂಡ ಅತ್ಯಂತ ಸ್ಪಷ್ಟವಾದ ಉತ್ತರ ಇನ್ನೂರು ವರ್ಷ ಹಳೆಯದು, ಅದೂ ನಮ್ಮ ಬಳ್ಳಾರಿಗೇ ಸಂಬಂಧಪಟ್ಟದ್ದು.

1800ರಲ್ಲಿ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಗೆ ಬಂದ ಸೀಮೆಯಲ್ಲಿ ಬಳ್ಳಾರಿಯೂ ಸೇರಿತ್ತು. 1810ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಇಲ್ಲಿಗೆ ಬಂದು, ಕನ್ನಡ ಕಲಿತು, ಬೈಬಲ್ ಅನುವಾದಕ್ಕೆ ಕೈ ಹಾಕಿದ. ಕಂಪನಿಯವರೇ ಮಿಷನರಿಗಳನ್ನು ಕರೆತಂದರು ಎಂಬ ನಂಬಿಕೆ ವ್ಯಾಪಕವಾಗಿದೆ. ವಾಸ್ತವದಲ್ಲಿ ಕಂಪನಿಯ ಅಧಿಕಾರಪತ್ರವನ್ನು ನವೀಕರಿಸಿದ 1813ರ ಸನದು ಕಾಯಿದೆಯವರೆಗೆ ಕಂಪನಿ ಅವರನ್ನು ಅನುಮಾನದಿಂದಲೇ ಕಾಣುತ್ತಿತ್ತು. ಜನರ ಧರ್ಮಕ್ಕೆ ಕೈಹಾಕಿದರೆ ವ್ಯಾಪಾರಕ್ಕೂ ಆಳ್ವಿಕೆಗೂ ಕುತ್ತು ಎಂಬುದು ಅದರ ಅಂಜಿಕೆ. ಇಡೀ ಕನ್ನಡ ಬೈಬಲ್ 1831ರ ಹೊತ್ತಿಗೆ ಅಚ್ಚಾಯಿತು. ಹ್ಯಾಂಡ್ಸನ ಜೊತೆಗಾರ ವಿಲಿಯಂ ರೀವ್ ಕನ್ನಡ–ಇಂಗ್ಲಿಷ್ ನಿಘಂಟನ್ನು ಸಿದ್ಧಪಡಿಸಿದ. 1843ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವು ಮರುವರ್ಷ “ಕನ್ನಡ ಸಮಾಚಾರ” ಎಂಬ ಹೆಸರಿನಲ್ಲಿ ಬಳ್ಳಾರಿಯ ಮಿಷನ್ ಮುದ್ರಣಾಲಯಕ್ಕೆ ಬಂತು.

ಈ ಅಚ್ಚು ಮೊಳೆಗಳ ಕಥೆಯ ನಡುವೆಯೇ, 1822ರಲ್ಲಿ, ಬಳ್ಳಾರಿಯ ಉಪ ಕಲೆಕ್ಟರನೊಬ್ಬ ತನ್ನ ಅಧಿಕಾರದ ವ್ಯಾಪ್ತಿಯ ಜನರಿಗೆ ಕ್ರೈಸ್ತ ಪುಸ್ತಿಕೆಗಳನ್ನು ಹಂಚತೊಡಗಿದ. ಆಗ ಮದರಾಸಿನ ಗವರ್ನರ್ ಆಗಿದ್ದವನು ಥಾಮಸ್ ಮನ್ರೋ. ಅವನು ಇದೇ ಸೀಮೆಯಲ್ಲಿ ಮೊದಲು ಕಲೆಕ್ಟರ್ ಆಗಿದ್ದವನು, ಮಂತ್ರಾಲಯದ ರಾಯರು ಅವನಿಗೆ ಪ್ರತ್ಯಕ್ಷರಾಗಿ ಮಾತನಾಡಿದರೆಂಬ ಐತಿಹ್ಯಕ್ಕೆ ಕಾರಣನಾದವನು. ಸ್ವತಃ ಕ್ರೈಸ್ತನಾಗಿದ್ದ ಮನ್ರೋ ಆ ಅಧಿಕಾರಿಯ ನಡತೆಯನ್ನು ಖಂಡಿಸಿ ದೀರ್ಘವಾದ ಟಿಪ್ಪಣಿ ಬರೆದ. ಕ್ರೈಸ್ತಧರ್ಮ ಸುಳ್ಳೆಂದಾಗಲಿ, ಅದನ್ನು ಹೇಳಲೇಬಾರದೆಂದಾಗಲಿ ಅವನ ವಾದವಲ್ಲ. ಕಂದಾಯ ವಸೂಲಿ ಮಾಡುವ, ಶಿಕ್ಷೆ ವಿಧಿಸುವ ಕೈಯೇ ಧರ್ಮದ ಪುಸ್ತಿಕೆಯನ್ನೂ ನೀಡಿದರೆ ರೈತನು ಅದನ್ನು ಸರ್ಕಾರದ ಇಚ್ಛೆಯೆಂದೇ ತಿಳಿಯುತ್ತಾನೆ, ತಾನು ಖಾಸಗಿಯಾಗಿ ಕೊಟ್ಟೆನೆಂದು ಅಧಿಕಾರಿ ಹೇಳಿಕೊಂಡು ಪ್ರಯೋಜನವಿಲ್ಲ ಎಂಬುದು ಅದರ ಸಾರ. ಕಲೆಕ್ಟರನು ಜನರಿಗೆ ಬೋಧಿಸುವುದಾದರೆ ತನ್ನ ನಡತೆಯಿಂದಲೇ ಬೋಧಿಸಲಿ, ಅವರ ದೂರುಗಳನ್ನು ತಾಳ್ಮೆಯಿಂದ ಕೇಳಲಿ, ಮತ್ತೇನೂ ಆಗದಿದ್ದರೆ ಒಂದು ಒಳ್ಳೆಯ ಮಾತನ್ನಾದರೂ ಆಡಲಿ ಎಂದು ಅವನು ಬರೆದ.

ಮನ್ರೋ ಸಾಮ್ರಾಜ್ಯದ ಹಿತಕ್ಕಾಗಿಯೇ ಇದನ್ನು ಬರೆದನೆಂಬುದರಲ್ಲಿ ಅನುಮಾನವಿಲ್ಲ. ಆದರೂ ಅವನು ಕೊಟ್ಟ ಅಳತೆಗೋಲು ಇಂದಿಗೂ ಸರಿಯಾಗಿದೆ: ಕೇಳುವವನು ಯಾವ ನಷ್ಟವೂ ಇಲ್ಲದೆ “ಬೇಡ” ಎನ್ನಬಲ್ಲನೇ? ಸಂತೆಯಲ್ಲಿ ಅಪರಿಚಿತನೊಬ್ಬ ಕೊಟ್ಟ ಕರಪತ್ರವನ್ನು ಮಡಚಿ ಎಸೆಯಬಹುದು. ರಗಳೆಯೆನಿಸಬಹುದು, ಆದರೆ ಅದು ಒತ್ತಾಯವಲ್ಲ. ಆಸ್ಪತ್ರೆಯ ಮಂಚದ ಮೇಲೆ ಮಲಗಿದವಳ ತಲೆಯ ಮೇಲೆ ಕೈಯಿಟ್ಟು, ಅವಳನ್ನು ಕೇಳದೆಯೇ, ಪ್ರಾರ್ಥನೆ ಆರಂಭಿಸಿದರೆ ಅವಳು ಎಲ್ಲಿಗೆ ಏಳಬೇಕು? ಮನೆಗೆಲಸದವಳಿಗೆ ಯಜಮಾನತಿ, ಸಾಲಗಾರನಿಗೆ ಸಾಲ ಕೊಟ್ಟವನು, ವಿದ್ಯಾರ್ಥಿಗೆ ಮೇಷ್ಟ್ರು ಎಷ್ಟೇ ಮೃದುವಾಗಿ ಹೇಳಿದರೂ ಆ ಮಾತಿಗೆ ಭಾರ ಇದ್ದೇ ಇರುತ್ತದೆ. ಕೂಗಾಡುವ ಬೀದಿ ಬೋಧಕನಿಗಿಂತ ನಯವಾದ ಮಾತಿನ ಯಜಮಾನ ಹೆಚ್ಚು ಒತ್ತಾಯ ಮಾಡುತ್ತಿರಬಹುದು. ಈ ಅಳತೆಗೋಲು ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ: ಓಣಿಯ ಪಟ್ಟಿಗೆ ಹಣ ಕೊಡದ ಮನೆಯನ್ನು ಹೆಸರು ಹಿಡಿದು ಕೂಗುವ ಉತ್ಸವ ಸಮಿತಿಗೂ ಸಹ.

ಕ್ರೈಸ್ತ ಧರ್ಮಗ್ರಂಥ ಈ ವಿಷಯದಲ್ಲಿ ಏನು ಹೇಳುತ್ತದೆ? ಬಾಗಿಲು ತಟ್ಟುವವರು ಮೊದಲು ಉಲ್ಲೇಖಿಸುವುದು ಮತ್ತಾಯ 28:19ನ್ನು, ಅಂದರೆ ಎಲ್ಲ ಜನಾಂಗಗಳನ್ನು ಶಿಷ್ಯರನ್ನಾಗಿ ಮಾಡಿರೆಂಬ ಯೇಸುವಿನ ಆಜ್ಞೆಯನ್ನು. ಆ ವಚನ ಇಲ್ಲವೆಂದು ನಟಿಸಿ ಸಹಿಷ್ಣುವಾಗುವುದು ಸುಲಭ, ಆದರೆ ಪ್ರಾಮಾಣಿಕವಲ್ಲ; ಸುವಾರ್ತೆಯನ್ನು, ಅಂದರೆ ಯೇಸುವಿನ ಶುಭಸಂದೇಶವನ್ನು, ಹೇಳುವ ಹೊಣೆ ಕ್ರೈಸ್ತನಿಗೆ ಇದ್ದೇ ಇದೆ. ಹೇಗೆ ಹೇಳಬೇಕೆಂಬುದಕ್ಕೆ ಅದೇ ಗ್ರಂಥದಲ್ಲಿ ಬೇರೆ ಪುಟಗಳಿವೆ. ಪೇತ್ರನ ಮೊದಲ ಪತ್ರ (3:15) ನಿಮ್ಮ ನಿರೀಕ್ಷೆಗೆ ಕಾರಣವೇನೆಂದು ಕೇಳುವವರಿಗೆ ಉತ್ತರ ಹೇಳಲು ಸಿದ್ಧರಾಗಿರಿ, ಆದರೆ ಸಾತ್ವಿಕತೆಯಿಂದಲೂ ಗೌರವದಿಂದಲೂ ಹೇಳಿರಿ ಎನ್ನುತ್ತದೆ. ಅಂದರೆ ಮೊದಲು ಒಬ್ಬ ಕೇಳಬೇಕು. ಕೇಳುವಂತೆ ನಾವು ಬದುಕಿರಬೇಕು. ನನಗೆ ಇದಕ್ಕಿಂತಲೂ ಇಷ್ಟವಾದದ್ದು ಲೂಕನ ಒಂಬತ್ತನೆಯ ಅಧ್ಯಾಯದ ಪ್ರಸಂಗ. ಸಮಾರ್ಯದ ಹಳ್ಳಿಯೊಂದು ಯೇಸುವನ್ನು ಒಳಗೆ ಸೇರಿಸುವುದಿಲ್ಲ. ಸಿಟ್ಟಿಗೆದ್ದ ಶಿಷ್ಯರಾದ ಯಾಕೋಬ, ಯೋಹಾನರು ಆಕಾಶದಿಂದ ಬೆಂಕಿ ಸುರಿಸಿ ಆ ಹಳ್ಳಿಯನ್ನು ಸುಟ್ಟುಬಿಡೋಣವೇ ಎಂದು ಕೇಳುತ್ತಾರೆ. ಯೇಸು ಗದರಿಸುವುದು ಹಳ್ಳಿಯವರನ್ನಲ್ಲ, ತನ್ನ ಶಿಷ್ಯರನ್ನು. ಆಮೇಲೆ ಅವರೆಲ್ಲರೂ ಬೇರೊಂದು ಹಳ್ಳಿಗೆ ಹೊರಟುಹೋಗುತ್ತಾರೆ, ಅಷ್ಟೇ.

ಕ್ರೈಸ್ತ ಸಭೆಗಳೂ ಇದನ್ನು ಲಿಖಿತ ರೂಪದಲ್ಲಿ ಒಪ್ಪಿವೆ. ಕ್ಯಾಥೊಲಿಕ್ ಬಿಷಪ್ಪರ ಜಾಗತಿಕ ಸಮಾವೇಶವಾದ ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಹೊರಡಿಸಿದ ಘೋಷಣೆಗಳಲ್ಲಿ, ಬೇರೆ ಧರ್ಮಗಳಲ್ಲಿರುವ ಸತ್ಯವೂ ಪವಿತ್ರವೂ ಆದ ಯಾವುದನ್ನೂ ಕ್ಯಾಥೊಲಿಕ್ ಸಭೆ ತಿರಸ್ಕರಿಸುವುದಿಲ್ಲವೆಂದೂ, ಧರ್ಮದ ವಿಷಯದಲ್ಲಿ ಯಾರ ಮೇಲೂ ಬಲಾತ್ಕಾರ ಸಲ್ಲದೆಂದೂ ಹೇಳಿದೆ. 2011ರಲ್ಲಿ ವ್ಯಾಟಿಕನ್ನಿನ ಅಂತರಧರ್ಮ ಸಂವಾದ ಮಂಡಳಿ, ವಿಶ್ವ ಸಭೆಗಳ ಒಕ್ಕೂಟ ಮತ್ತು ವಿಶ್ವ ಸುವಾರ್ತಾ ಒಕ್ಕೂಟ ಒಟ್ಟಾಗಿ ಬಹುಧರ್ಮೀಯ ಜಗತ್ತಿನಲ್ಲಿ ಕ್ರೈಸ್ತ ಸಾಕ್ಷಿ ಹೇಗಿರಬೇಕೆಂಬ ನಡವಳಿಕೆಯ ಸೂತ್ರಗಳನ್ನು ಪ್ರಕಟಿಸಿದವು. ಮನಃಪರಿವರ್ತನೆ ಕೊನೆಗೂ ಪವಿತ್ರಾತ್ಮನ ಕೆಲಸವೇ ಹೊರತು ಬೋಧಕನದ್ದಲ್ಲ, ಬಡತನವನ್ನೋ ಕಾಯಿಲೆಯನ್ನೋ ಬಳಸಿಕೊಳ್ಳಬಾರದು, ಸೇವೆಯ ಜೊತೆ ಹಣದ ಆಮಿಷ ಸೇರಿಸಬಾರದು, ಇತರ ಧರ್ಮಗಳ ಬಗ್ಗೆ ಸುಳ್ಳು ಸಾಕ್ಷಿ ಹೇಳಬಾರದು ಎಂದು ಅದರಲ್ಲಿದೆ. ಸುವಾರ್ತಾ ಪಂಗಡಗಳ ಒಕ್ಕೂಟವೂ ಅದಕ್ಕೆ ಸೇರಿರುವುದನ್ನು ಗಮನಿಸಬೇಕು. ಈ ಕಾಗದ ನಮ್ಮ ಸೀಮೆಯ ತಗಡಿನ ಶೆಡ್ಡುಗಳವರೆಗೆ ತಲುಪಿದೆಯೇ ಎಂದರೆ, ನಾನು ಮಾತನಾಡಿಸಿದ ಪಾಸ್ಟರುಗಳಲ್ಲಿ ಹೆಚ್ಚಿನವರು ಅದರ ಹೆಸರನ್ನೇ ಕೇಳಿರಲಿಲ್ಲ.

ಕಾನೂನಿನ ದಾರಿ ಬೇರೆ. ಸಂವಿಧಾನದ 25ನೇ ವಿಧಿ ಧರ್ಮವನ್ನು ನಂಬುವ, ಆಚರಿಸುವ ಹಕ್ಕಿನ ಜೊತೆಗೆ ಪ್ರಚಾರ ಮಾಡುವ ಹಕ್ಕನ್ನೂ ಕೊಡುತ್ತದೆ, ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳ ಮಿತಿಯೊಳಗೆ. 1948ರ ಡಿಸೆಂಬರಿನಲ್ಲಿ ಸಂವಿಧಾನ ರಚನಾ ಸಭೆಯಲ್ಲಿ “ಪ್ರಚಾರ” ಎಂಬ ಆ ಒಂದು ಪದದ ಮೇಲೆ ಬಿಸಿಯಾದ ಚರ್ಚೆ ನಡೆಯಿತು. ಪದ ಉಳಿಯಲೆಂದವರಲ್ಲಿ ಒಬ್ಬರಾದ ಟಿ.ಟಿ. ಕೃಷ್ಣಮಾಚಾರಿ, ತಾವು ಸುಮಾರು 14 ವರ್ಷ ಕ್ರೈಸ್ತ ಸಂಸ್ಥೆಗಳಲ್ಲಿ ಓದಿದರೂ ತಮ್ಮನ್ನು ಮತಾಂತರಿಸಲು ಯಾರೂ ಯತ್ನಿಸಲಿಲ್ಲವೆಂದು ಸಭೆಗೆ ತಿಳಿಸಿದರು. 1977ರಲ್ಲಿ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಪ್ರಚಾರದ ಹಕ್ಕೆಂದರೆ ತನ್ನ ಧರ್ಮದ ತತ್ವಗಳನ್ನು ತಿಳಿಸುವ ಹಕ್ಕು, ಇನ್ನೊಬ್ಬನನ್ನು ಮತಾಂತರಿಸುವ ಹಕ್ಕಲ್ಲ ಎಂದು ತೀರ್ಪಿತ್ತಿತು. ಕರ್ನಾಟಕದಲ್ಲಿ 2022ರಲ್ಲಿ ಬಂದ ಕಾಯಿದೆ ಬಲವಂತ, ವಂಚನೆ, ಆಮಿಷಗಳ ಮತಾಂತರಕ್ಕೆ ಮೂರರಿಂದ ಐದು ವರ್ಷಗಳ ಸೆರೆವಾಸವನ್ನೂ, ಮತಾಂತರಗೊಂಡವರು ಮಹಿಳೆ, ಅಪ್ರಾಪ್ತ ವಯಸ್ಕರು ಅಥವಾ ಪರಿಶಿಷ್ಟ ಜಾತಿ, ಪಂಗಡದವರಾಗಿದ್ದರೆ ಹತ್ತು ವರ್ಷದವರೆಗಿನ ಶಿಕ್ಷೆಯನ್ನೂ ವಿಧಿಸಿತು. ಮತಾಂತರವಾಗುವವನು 30 ದಿನ ಮುಂಚೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕೆಂದೂ ಹೇಳಿತು. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಚಿವ ಸಂಪುಟ ಅದನ್ನು ರದ್ದುಪಡಿಸಲು ನಿರ್ಧರಿಸಿತು. ಬಲವಂತ ತಪ್ಪೆಂಬುದರಲ್ಲಿ ನನಗೆ ತಕರಾರಿಲ್ಲ. ಆದರೆ ಆ ಕಾಯಿದೆ ಆಮಿಷದ ವ್ಯಾಖ್ಯೆಯೊಳಗೆ ಉಚಿತ ಶಿಕ್ಷಣ, ಉತ್ತಮ ಜೀವನದ ಭರವಸೆ, ದೈವಕೋಪದ ಮಾತು ಎಲ್ಲವನ್ನೂ ಸೇರಿಸಿತು, ಮತ್ತು ದೂರು ಕೊಡುವ ಅವಕಾಶವನ್ನು ಸಹೋದ್ಯೋಗಿಯವರೆಗೂ ವಿಸ್ತರಿಸಿತು. ಹೀಗಾದಾಗ ಕಾನೂನಿಗೆ ಹೆದರಿ ಮೊದಲು ಬಾಯಿ ಮುಚ್ಚುವವನು ಒತ್ತಾಯ ಮಾಡುವವನಲ್ಲ, ಕೇಳಿದ್ದಕ್ಕೆ ಉತ್ತರ ಹೇಳುವವನು.

ಕ್ರೈಸ್ತರು ಮುಚ್ಚುಮರೆ ಮಾಡುತ್ತಾರೆ, ದಾಖಲೆಯಲ್ಲಿ ಒಂದು ಹೆಸರು, ಪ್ರಾರ್ಥನೆಯಲ್ಲಿ ಇನ್ನೊಂದು ಎಂಬ ಆಪಾದನೆಗೂ ಒಂದು ಹಿನ್ನೆಲೆಯಿದೆ. 1950ರ ರಾಷ್ಟ್ರಪತಿಗಳ ಆದೇಶದಂತೆ ಪರಿಶಿಷ್ಟ ಜಾತಿಯ ಸ್ಥಾನಮಾನ ಹಿಂದೂಗಳಿಗೆ ಮಾತ್ರ ಸಿಗುತ್ತಿತ್ತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತರಣೆಯಾಯಿತು. ದಲಿತನೊಬ್ಬ ಕ್ರೈಸ್ತನಾದರೆ ಆ ಸ್ಥಾನಮಾನ ಹೋಗುತ್ತದೆ. ಆದರೆ ಊರಿನಲ್ಲಿ ಅವನ ಕೇರಿ ಬದಲಾಗುವುದಿಲ್ಲ, ಹೋಟೆಲಿನಲ್ಲಿ ಅವನನ್ನು ನೋಡುವ ನೋಟವೂ ಬದಲಾಗುವುದಿಲ್ಲ. ಹೀಗಾಗಿ ಭಾನುವಾರ ಸಭೆಗೆ ಹೋಗುವ, ದೀಕ್ಷಾಸ್ನಾನ ಪಡೆಯದ, ಕಾಗದದಲ್ಲಿ ಹಿಂದೂವಾಗಿಯೇ ಉಳಿದ ಕುಟುಂಬಗಳಿವೆ. ಹೊರಗಿನಿಂದ ಇದು ಕಪಟದಂತೆ ಕಾಣುತ್ತದೆ. ಮಗಳ ಹಾಸ್ಟೆಲ್ ಸೀಟನ್ನು ಉಳಿಸಿಕೊಳ್ಳಬೇಕಾದ ತಂದೆಯ ಬಳಿ ಕೂತು ಕೇಳಿದರೆ ಆ ಪದವನ್ನು ಅಷ್ಟು ಸಲೀಸಾಗಿ ಬಳಸಲಾಗುವುದಿಲ್ಲ.

ದಿನನಿತ್ಯದ ಬದುಕಿನಲ್ಲಿ ಇವೆಲ್ಲವೂ ಕೊನೆಗೆ ಬಂದು ನಿಲ್ಲುವುದು ಊಟದ ತಟ್ಟೆಯ ಮುಂದೆ. ಹಬ್ಬದ ದಿನ ಪಕ್ಕದ ಮನೆಯಿಂದ ಹೋಳಿಗೆ ಬರುತ್ತದೆ. ಅದು ನೈವೇದ್ಯವಾದದ್ದೋ ಅಲ್ಲವೋ? ವಿಗ್ರಹಕ್ಕೆ ಅರ್ಪಿಸಿದ ಆಹಾರವನ್ನು ಅನೇಕ ಕ್ರೈಸ್ತ ಕುಟುಂಬಗಳು ತಿನ್ನುವುದಿಲ್ಲ, ಮತ್ತು ತಿರಸ್ಕಾರವೆಂದು ನೆರೆಯವರಿಗೆ ಅತ್ಯಂತ ಸುಲಭವಾಗಿ ತೋರುವುದೂ ಇದೇ. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಈ ಪ್ರಶ್ನೆಯನ್ನು ಮೂರು ಅಧ್ಯಾಯಗಳಷ್ಟು ಚರ್ಚಿಸಿದ್ದಾನೆ. ನಂಬದವರು ಊಟಕ್ಕೆ ಕರೆದರೆ ಹೋಗಿರಿ, ಬಡಿಸಿದ್ದನ್ನು ವಿಚಾರಣೆ ಮಾಡದೆ ತಿನ್ನಿರಿ, ಆದರೆ ಇದು ಅರ್ಪಿಸಿದ್ದೆಂದು ಯಾರಾದರೂ ಹೇಳಿದರೆ ಹೇಳಿದವನ ಮನಸ್ಸಾಕ್ಷಿಯ ಸಲುವಾಗಿ ತಿನ್ನಬೇಡಿರಿ ಎಂಬುದು ಅವನ ತೀರ್ಮಾನ. ಎರಡು ಸಾವಿರ ವರ್ಷದ ಹಿಂದೆ ಗ್ರೀಕ್ ಪಟ್ಟಣಕ್ಕೆ ಬರೆದ ಈ ಸಾಲುಗಳು ಬಳ್ಳಾರಿಯ ಓಣಿಗೆ ಎಷ್ಟು ಹೊಂದುತ್ತವೆಂದರೆ, ಪೌಲ ಇಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದನೇ ಎನಿಸುತ್ತದೆ. ಒಬ್ಬೊಬ್ಬರು ಇದನ್ನು ಒಂದೊಂದು ಬಗೆಯಲ್ಲಿ ಓದುತ್ತಾರೆ. ಅರ್ಪಿತವಾದದ್ದನ್ನು ಬಿಡುವವರು ನೆರೆಯವರ ದೇವರನ್ನು ಹೀಯಾಳಿಸಬೇಕಾಗಿಲ್ಲ. ಸ್ವೀಕರಿಸುವವರು ತಮ್ಮ ದೇವರನ್ನು ಮರೆತವರಲ್ಲ. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹದಲ್ಲಿ ಕೂತು ರೊಟ್ಟಿ ಮುರಿದ ಕ್ರೈಸ್ತರನ್ನೂ ಬಲ್ಲೆ, ಮುದಗಲ್ಲಿನ ಮೊಹರಮ್ಮಿಗೆ ಹೋಗಿ ದೂರದಿಂದಲೇ ಕೈಮುಗಿಯದೆ ನಿಂತು ನೋಡಿ ಬರುವವರನ್ನೂ ಬಲ್ಲೆ. ಈ ಎರಡನೆಯವರನ್ನು ಅಸಹಿಷ್ಣುಗಳೆಂದರೆ ನಾನು ಒಪ್ಪುವುದಿಲ್ಲ. ಜೊತೆಗೆ ನಿಲ್ಲುವುದಕ್ಕೆ ಅವರು ಬಂದಿದ್ದಾರೆ, ಪೂಜಿಸುವುದಕ್ಕಲ್ಲ.

ನಮ್ಮ ತಾಯಿ ಈ ವಿಷಯದಲ್ಲಿ ಕಟ್ಟುನಿಟ್ಟು, ನೈವೇದ್ಯವಾದದ್ದನ್ನು ಮುಟ್ಟುತ್ತಿರಲಿಲ್ಲ. ಅದನ್ನು ಪಕ್ಕದ ಮನೆಯವರಿಗೆ ಅವರು ವಿವರಿಸಿ ಹೇಳಿದ್ದೂ ಇಲ್ಲ, ಸುಮ್ಮನೆ ಪಡೆದು ಕೆಲಸದವರಿಗೆ ಕೊಟ್ಟುಬಿಡುತ್ತಿದ್ದರು. ಆದರೂ ಒಂದು ಯುಗಾದಿಯ ಮರುದಿನ ಪಕ್ಕದ ಮನೆಯ ಅಮ್ಮ ತಟ್ಟೆ ಹಿಡಿದು ಬಂದು, “ಇದು ದೇವರಿಗೆ ಏರ್ಸೋಕಿಂತ ಮುಂಚೇನೆ ತೆಗೆದಿಟ್ಟೀನ್ರಿ ಅಕ್ಕಾರೆ, ನೀವು ಉಣ್ರಿ” ಎಂದರು. ಯಾವಾಗ ಗಮನಿಸಿದ್ದರೋ, ಯಾರು ಹೇಳಿದ್ದರೋ ತಿಳಿಯದು. ನಮ್ಮ ತಾಯಿ ಅಂದು ಬಾಗಿಲಲ್ಲೇ ನಿಂತು ಒಂದು ತುಣುಕು ಮುರಿದು ಬಾಯಿಗೆ ಹಾಕಿಕೊಂಡರು. ಆ ವರ್ಷದ ಕ್ರಿಸ್‌ಮಸ್ಸಿಗೆ ನಮ್ಮ ಮನೆಯಲ್ಲಿ ಮೊದಲ ಬಾರಿಗೆ ಎರಡು ಕೇಕು ತಯಾರಾದವು. ಲಿಂಗಾಯತರಾದ ಪಕ್ಕದ ಮನೆಗೆ ಮೊಟ್ಟೆ ಹಾಕದ ಕೇಕು ಹೋಯಿತು, ಅದಕ್ಕೆ ಬೇರೆ ಪಾತ್ರೆ, ಬೇರೆ ಚಾಕು. ಅದು ಸರಿಯಾಗಿ ಉಬ್ಬದೆ ಹಲಗೆಯಂತಾಗಿತ್ತು, ಆದರೂ ಪಕ್ಕದ ಮನೆಯವರು ತಟ್ಟೆಯನ್ನು ಖಾಲಿ ಮಾಡಿಯೇ ಹಿಂದಿರುಗಿಸಿದರು.